ಪರವಾನಗಿ ಶುಲ್ಕವೂ ಪೈಪೋಟಿಯ ನಿಯಮವೂ
ರಾಜ್ಯದ ಧನಸಹಾಯವು ವ್ಯಾಪಾರಸ್ಪರ್ಧೆಯನ್ನು ಕೆಡಿಸಕೂಡದೆಂದು 1957ರ ರೋಮ್ ಒಪ್ಪಂದವು ವಿಧಿಸಿದಾಗ, ಯುರೋಪಿನ ಬಹುತೇಕ ದೇಶಗಳಲ್ಲಿ ಪ್ರಸಾರವು ಏಕಸ್ವಾಮ್ಯವೇ ಆಗಿದ್ದುದರಿಂದ, ರೇಡಿಯೋ, ಟಿವಿಗಳಿಗಾಗಿ ಪ್ರಜೆಗಳು ತೆರುತ್ತಿದ್ದ, ಸಾರ್ವಜನಿಕ ಪ್ರಸಾರಕ್ಕೆ ಸಲ್ಲುತ್ತಿದ್ದ ಪರವಾನಗಿ ಶುಲ್ಕವನ್ನು ಆ ನಿಯಮದ ತಕ್ಕಡಿಯಲ್ಲಿಟ್ಟು ತೂಗುವ ಪ್ರಮೇಯವು ಬಹುಕಾಲ ಒದಗಲಿಲ್ಲ. ಖಾಸಗಿ ವಾಹಿನಿಗಳು ತಲೆಯೆತ್ತಿದ ಮೇಲೆ ಆ ಶುಲ್ಕದ ವಿರುದ್ಧ ಅವುಗಳ ದೂರುಗಳು ಮೊದಲಾದುವು. ಸ್ವಲಾಭವು ಕುಗ್ಗಿದಾಗಲೇ ನ್ಯಾಯಬುದ್ಧಿಯು ಜಾಗೃತವಾಗುವುದು ಲೋಕರೂಢಿಯಷ್ಟೆ. 1997ರ ಆಮ್‌ಸ್ಟರ್‌ಡ್ಯಾಮ್ ಒಪ್ಪಂದದ ಅನುಬಂಧವು ಸಾರ್ವಜನಿಕ ಪ್ರಸಾರಕ್ಕೆ ಹಣವೊದಗಿಸುವ ಅಧಿಕಾರವನ್ನು ಸದಸ್ಯರಾಷ್ಟ್ರಗಳಿಗೇ ಬಿಟ್ಟಿತಾದರೂ, ಸ್ಪರ್ಧೆಗೆ ಅತಿಯಾದ ಬಾಧೆಯಾಗಬಾರದೆಂಬ ನಿರ್ಬಂಧವನ್ನೂ ಸೇರಿಸಿತು. ಶುಲ್ಕವನ್ನೂ ಜಾಹೀರಾತಿನ ಆದಾಯವನ್ನೂ ಕೂಡಿಯೇ ಪಡೆಯುತ್ತಿದ್ದ ಡೆನ್ಮಾರ್ಕಿನ ಟಿವಿ2 ಸಂಸ್ಥೆಯು, ಸೇವಾವೆಚ್ಚವನ್ನು ಮೀರಿ ಸ್ವೀಕರಿಸಿದ ಸುಮಾರು 62.8 ಕೋಟಿ ಕ್ರೋನರುಗಳನ್ನು ಬಡ್ಡಿಸಹಿತ ಮರಳಿಸತಕ್ಕದ್ದೆಂದು ಯುರೋಪಿಯನ್ ಆಯೋಗವು 2004ರಲ್ಲಿ ಆಜ್ಞಾಪಿಸಿತು; ಯುರೋಪಿಯನ್ ನ್ಯಾಯಾಲಯವು 2008ರಲ್ಲಿ ಆ ಆಜ್ಞೆಯನ್ನು ರದ್ದುಗೊಳಿಸಿತು. ವ್ಯಾಜ್ಯವು ಮಾತ್ರ 2017ರವರೆಗೂ ನಡೆಯಿತು.