ಬತ್ತಿ ಸಣ್ಣದು ಮಾಡಿ ಹೇಳಿದ ಕಥೆಗಳು

ಜಪಾನಿ ಕಾದಂಬರಿಗಳ ಇಂಗ್ಲಿಷ್ ಅನುವಾದಗಳು ಈಗ ನಮ್ಮ ಪುಸ್ತಕದಂಗಡಿಗಳಲ್ಲೂ ಕಣ್ಣಿಗೆ ಬೀಳುವ ಜಾಗದಲ್ಲೇ ಇರುತ್ತವೆ. ಹರುಕಿ ಮುರಕಾಮಿ ಹೆಸರು ಕೇಳದ ಕಾಲೇಜು ಹುಡುಗರು ಕಡಿಮೆ. ಕೋಜಿ ಸುಜುಕಿಯವರ ‘ರಿಂಗ್’ (1991) ಕಾದಂಬರಿಯನ್ನು ಓದದವರಿಗೂ, ಬಾವಿಯಿಂದ ಮೇಲೆದ್ದು ಬರುವ ಆ ಕೆದರಿದ ಕೂದಲಿನ ಹೆಣ್ಣು 1998ರ ಸಿನಿಮಾದಿಂದ ಚಿರಪರಿಚಿತಳು. ಇಂಥ ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದುತ್ತಾ ಹೋದವರಿಗೆ ಒಂದು ವಿಷಯ ತಾನಾಗಿಯೇ ಹೊಳೆಯುತ್ತದೆ. ಅಲ್ಲಿನ ದೆವ್ವಗಳಿಗೆ ನಾಚಿಕೆ ಇಲ್ಲ! ಅವು ಅಡ್ಡದಾರಿಯಿಂದ ನುಸುಳಿ ಬರುವುದಿಲ್ಲ. ನೆಂಟರ ಹಾಗೆ ಮುಂಬಾಗಿಲಿನಿಂದಲೇ ಬರುತ್ತವೆ. ಮುರಕಾಮಿಯ ‘ಕಾಫ್ಕಾ ಆನ್ ದಿ ಶೋರ್’ ಕಾದಂಬರಿಯಲ್ಲಿ ಹದಿನೈದರ ಹುಡುಗನೊಬ್ಬ 1776ರಲ್ಲಿ ಪ್ರಕಟವಾದ ಪ್ರೇತಕಥೆಗಳ ಪುಸ್ತಕದ ಬಗ್ಗೆ ಗ್ರಂಥಾಲಯದವನ ಜೊತೆ ಮಾತಾಡುತ್ತಾನೆ. ಉಎದಾ ಅಕಿನಾರಿ ಎಂಬಾತ ಬರೆದ ‘ಉಗೆತ್ಸು ಮೊನೊಗತಾರಿ’ ಆ ಪುಸ್ತಕ.

ಹೀಗೆ ಹಿಂದಕ್ಕೆ ಹಿಂದಕ್ಕೆ ನಡೆದರೆ ಒಂದು ತೆಳುವಾದ ಪುಸ್ತಕದ ಹತ್ತಿರ ನಿಲ್ಲಬೇಕಾಗುತ್ತದೆ. ಹೆಸರು ‘ಕ್ವಾಯ್ದಾನ್’, ಎಂದರೆ ವಿಚಿತ್ರ ಕಥೆಗಳು. 1904ರ ಏಪ್ರಿಲ್‌ನಲ್ಲಿ ಅಚ್ಚಾಯಿತು. ಜಪಾನಿನ ದೆವ್ವದ ಕಥೆ ಎಂದರೆ ಜಗತ್ತು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ. ಸ್ವಾರಸ್ಯವೆಂದರೆ ಅದು ಅಚ್ಚಾದದ್ದು ಜಪಾನಿನಲ್ಲಲ್ಲ, ಅಮೆರಿಕದಲ್ಲಿ. ಬರೆದದ್ದು ಜಪಾನಿ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ಬರೆದಾತನಿಗೆ ಆ ಹಳೆಯ ಜಪಾನಿ ಪುಸ್ತಕಗಳನ್ನು ಓದಲು ಬರುತ್ತಿರಲಿಲ್ಲ. ಹಾಗಾದರೆ ಕಥೆ ಸಿಕ್ಕಿದ್ದು ಎಲ್ಲಿಂದ?

ನೂರು ದೀಪಗಳ ಆಟ

ಆ ಪ್ರಶ್ನೆಗೆ ಮೊದಲು, ಜಪಾನೀಯರಿಗೆ ಈ ಕಥೆಗಳ ಹುಚ್ಚು ಹತ್ತಿದ ಬಗೆಯನ್ನು ಸ್ವಲ್ಪ ನೋಡಬೇಕು. ಟೋಕಿಯೊ ನಗರವನ್ನು ಎದೊ ಎಂದು ಕರೆಯುತ್ತಿದ್ದ ಕಾಲದಲ್ಲಿ (1603–1868) ಅಲ್ಲೊಂದು ಆಟವಿತ್ತು. ರಾತ್ರಿ ಗೆಳೆಯರೆಲ್ಲ ಒಂದೆಡೆ ಸೇರುವುದು, ನೀಲಿ ಕಾಗದ ಸುತ್ತಿದ ದೀಪದಲ್ಲಿ ನೂರು ಬತ್ತಿ ಹಚ್ಚುವುದು, ಒಬ್ಬೊಬ್ಬರಾಗಿ ದೆವ್ವದ ಕಥೆ ಹೇಳುವುದು. ಒಂದು ಕಥೆ ಮುಗಿದರೆ ಒಂದು ಬತ್ತಿ ಆರಿಸಬೇಕು. ನೂರನೆಯದು ಆರಿದಾಗ ನಿಜವಾದ ದೆವ್ವವೇ ಬರುತ್ತದೆಂಬ ನಂಬಿಕೆ. ಹಾಗಾಗಿ ಜಾಣರು ತೊಂಬತ್ತೊಂಬತ್ತಕ್ಕೇ ನಿಲ್ಲಿಸಿ ಬೆಳಗಾಗುವುದನ್ನು ಕಾಯುತ್ತಿದ್ದರು! ಸಮುರಾಯ್ ಯೋಧರ ಧೈರ್ಯಪರೀಕ್ಷೆಯಾಗಿ ಹುಟ್ಟಿದ್ದೆನ್ನಲಾದ ಈ ಆಟ ವರ್ತಕರ, ಕುಶಲಕರ್ಮಿಗಳ ಮನೆಗಳಿಗೂ ಹಬ್ಬಿತು. ನೂರು ಕಥೆ ಎಲ್ಲರಿಗೂ ಗೊತ್ತಿರುತ್ತದೆಯೇ? ಕಥೆಗಳಿಗೆ ಬೇಡಿಕೆ ಬಂತು, ಸಂಗ್ರಹಗಳು ಅಚ್ಚಾದವು. ನಾಟಕದವರೂ ಬಿಡಲಿಲ್ಲ. ಗಂಡನ ದ್ರೋಹಕ್ಕೆ ಬಲಿಯಾದ ಹೆಂಡತಿಯ ಪ್ರೇತದ ಕಥೆ ‘ಯೊತ್ಸುಯಾ ಕಾಯ್ದಾನ್’ 1825ರಲ್ಲಿ ರಂಗಕ್ಕೆ ಬಂತು. ಅಂದಹಾಗೆ ಇದೆಲ್ಲ ನಡೆಯುತ್ತಿದ್ದುದು ಬೇಸಿಗೆಯಲ್ಲಿ. ಮೈ ಜುಮ್ಮೆಂದರೆ ಸೆಕೆ ಕಡಿಮೆಯಾಗುತ್ತದೆಂಬ ಲೆಕ್ಕಾಚಾರ. ಪಿತೃಗಳು ಮನೆಗೆ ಬರುವರೆಂದು ನಂಬುವ ಒಬೊನ್ ಹಬ್ಬವೂ ಬೇಸಿಗೆಯದೇ.

1868ರಲ್ಲಿ ಆಡಳಿತ ಬದಲಾಯಿತು. ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಸರ್ಕಾರಕ್ಕೆ ರೈಲು, ತಂತಿ, ಶಾಲೆ, ಸೈನ್ಯ ಎಲ್ಲವೂ ಪಾಶ್ಚಾತ್ಯರ ಸಮಕ್ಕೆ ಬೇಕಿತ್ತು. ದೆವ್ವಗಳು ಮುಜುಗರದ ವಸ್ತುವಾದವು. ಇನೊಉಯೆ ಎನ್ರ್ಯೊ ಎಂಬ ತತ್ವಶಾಸ್ತ್ರಜ್ಞ ಊರೂರು ತಿರುಗಿ ಭೂತಚೇಷ್ಟೆಗಳಿಗೆ ವೈಜ್ಞಾನಿಕ ಕಾರಣ ಹುಡುಕಿ ತೋರಿಸುತ್ತಿದ್ದರು. ಜನ ಅವರಿಗೆ ‘ದೆವ್ವದ ಡಾಕ್ಟರು’ ಎಂದೇ ಅಡ್ಡಹೆಸರಿಟ್ಟರು. ಓದಿದವರು ಅಜ್ಜಿ ಹೇಳಿದ ಕಥೆಯನ್ನು ನಾಲ್ಕು ಜನರೆದುರು ಹೇಳಲು ಸಂಕೋಚಪಡುತ್ತಿದ್ದ ಕಾಲ ಅದು. ಅಂಥ ಹೊತ್ತಿಗೆ ಯೊಕೊಹಾಮಾ ಬಂದರಿನಲ್ಲಿ ಒಬ್ಬ ಒಕ್ಕಣ್ಣಿನ ಪತ್ರಕರ್ತ ಹಡಗಿನಿಂದ ಇಳಿದ.

ಕತ್ತಲೆಗೆ ಹೆದರುತ್ತಿದ್ದ ಹುಡುಗ

ಲಫ್ಕಾಡಿಯೊ ಹರ್ನ್ ಹುಟ್ಟಿದ್ದು 1850ರಲ್ಲಿ, ಗ್ರೀಸ್ ಬಳಿಯ ಲೆಫ್ಕಾಡಾ ದ್ವೀಪದಲ್ಲಿ. ದ್ವೀಪದ ಹೆಸರೇ ಮಗುವಿಗೂ ಬಂತು. ತಾಯಿ ಗ್ರೀಕಳು, ತಂದೆ ಬ್ರಿಟಿಷ್ ಸೈನ್ಯದಲ್ಲಿ ವೈದ್ಯನಾಗಿದ್ದ ಐರಿಷ್‌ನವ. ಮಗುವನ್ನು ಐರ್ಲೆಂಡಿನ ಡಬ್ಲಿನ್‌ಗೆ ಕರೆತಂದರು. ತಾಯಿ ಅಲ್ಲಿ ಬಾಳಲಾರದೆ ಗ್ರೀಸಿಗೆ ಮರಳಿದಳು. ಮಗ ಮತ್ತೆಂದೂ ಅವಳನ್ನು ನೋಡಲಿಲ್ಲ. ಸಾಕಿದ್ದು ತಂದೆಯ ತಾಯಿಯ ಸೋದರಿ. ಕತ್ತಲೆಯ ಭಯ ಬಿಡಿಸಬೇಕೆಂದು ದೀಪವಿಲ್ಲದ ಕೋಣೆಯಲ್ಲಿ ಹುಡುಗನನ್ನು ಮಲಗಿಸಿ ಹೊರಗಿನಿಂದ ಬೀಗ ಹಾಕುತ್ತಿದ್ದರಂತೆ. ಭಯ ಹೋಗಲಿಲ್ಲ. ದೆವ್ವಗಳು ಬಂದವು, ಬಂದವು ಹೋಗಲೂ ಇಲ್ಲ. ಹದಿನಾರನೆಯ ವಯಸ್ಸಿಗೆ ಶಾಲೆಯ ಆಟದ ಬಯಲಿನಲ್ಲಾದ ಪೆಟ್ಟಿನಿಂದ ಎಡಗಣ್ಣು ಹೋಯಿತು. ಜೀವನವಿಡೀ ಅವರು ಫೋಟೋ ತೆಗೆಸಿಕೊಳ್ಳುವಾಗ ಮುಖ ತಿರುಗಿಸಿ ಆ ಕಣ್ಣನ್ನು ಮರೆಮಾಡುತ್ತಿದ್ದರು.

ಹತ್ತೊಂಬತ್ತರ ಹರೆಯದಲ್ಲಿ ಅಮೆರಿಕದ ಸಿನ್ಸಿನಾಟಿ ಸೇರಿ, ಪತ್ರಿಕೆಯೊಂದರಲ್ಲಿ ಅಪರಾಧ ಸುದ್ದಿಯ ವರದಿಗಾರರಾದರು. 1874ರಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ನಡೆದ ಕೊಲೆಯೊಂದರ ಬಗ್ಗೆ ಅವರು ಬರೆದ ವರದಿ ಇಡೀ ಊರನ್ನೇ ನಡುಗಿಸಿತು. ಅದೇ ವರ್ಷ ಅವರು ಅಲೆಥಿಯಾ ಫೋಲಿ ಎಂಬ ಕಪ್ಪು ಹೆಣ್ಣುಮಗಳನ್ನು ಮದುವೆಯಾದರು. ಅಲ್ಲಿನ ಕಾನೂನಿನ ಪ್ರಕಾರ ಅದು ಅಪರಾಧ. ಮರುವರ್ಷ ಕೆಲಸ ಹೋಯಿತು. ಆ ಮದುವೆಯೂ ಉಳಿಯಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಹತ್ತು ವರ್ಷ, ಮಾರ್ಟಿನಿಕ್ ದ್ವೀಪದಲ್ಲಿ ಎರಡು ವರ್ಷ. 1890ರ ಏಪ್ರಿಲ್‌ನಲ್ಲಿ ನಿಯತಕಾಲಿಕವೊಂದಕ್ಕೆ ಲೇಖನ ಬರೆಯಲೆಂದು ಜಪಾನಿಗೆ ಬಂದವರು ಪ್ರಕಾಶಕರ ಜೊತೆ ಜಗಳವಾಡಿ ಆ ಒಪ್ಪಂದವನ್ನೂ ಮುರಿದುಕೊಂಡರು. ಹೊಟ್ಟೆಪಾಡಿಗೆ ಸಿಕ್ಕಿದ್ದು ಇಂಗ್ಲಿಷ್ ಮೇಷ್ಟರ ಕೆಲಸ, ಪಶ್ಚಿಮ ಕರಾವಳಿಯ ಮತ್ಸುಯೆ ಎಂಬ ಹಳೆಯ ಕೋಟೆಯೂರಿನಲ್ಲಿ.

ಸೆತ್ಸು ಬಂದದ್ದು ಅಲ್ಲಿಗೆ. ಕೊಯ್ಜುಮಿ ಸೆತ್ಸು ಹುಟ್ಟಿದ್ದು 1868ರಲ್ಲಿ, ಸಮುರಾಯ್ ಮನೆತನದಲ್ಲಿ. ಅದೇ ವರ್ಷ ಸಮುರಾಯ್‌ಗಳ ಕಾಲ ಮುಗಿಯಿತು. ಸಂಬಳ ನಿಂತಿತು, ಮನೆತನಗಳು ಬೀದಿಗೆ ಬಿದ್ದವು. ಹುಡುಗಿ ಶಾಲೆ ಬಿಟ್ಟು ಬಟ್ಟೆ ನೇಯ್ದಳು. ಮದುವೆಯಾಯಿತು, ಬಡತನ ತಾಳಲಾರದೆ ಗಂಡ ಬಿಟ್ಟುಹೋದ. 1891ರಲ್ಲಿ ಪರದೇಶಿ ಮೇಷ್ಟರ ಮನೆಗೆಲಸಕ್ಕೆ ಸೇರಿದ ಅವರು ಸ್ವಲ್ಪ ದಿನದಲ್ಲೇ ಆ ಮನೆಯ ಯಜಮಾನಿಯಾದರು. ಸೆತ್ಸುಗೆ ಇಂಗ್ಲಿಷ್ ಬಾರದು, ಹರ್ನ್‌ಗೆ ಜಪಾನಿ ಅಷ್ಟಕ್ಕಷ್ಟೆ. ಇಬ್ಬರೂ ಸೇರಿ ವಿಭಕ್ತಿ ಪ್ರತ್ಯಯಗಳ ಗೊಡವೆಯಿಲ್ಲದ, ಕ್ರಿಯಾಪದಗಳು ಕಾಲಮುರಿದ ಒಂದು ಹರಕು ಜಪಾನಿಯನ್ನು ಕಟ್ಟಿಕೊಂಡರು. ಮನೆಯವರು ಅದನ್ನು ‘ಹೆರುನ್ ಸಾನ್ ಭಾಷೆ’ ಎನ್ನುತ್ತಿದ್ದರು. ಎಂದರೆ ಹರ್ನ್ ಅವರ ಭಾಷೆ.

ಪುಸ್ತಕ ಮುಚ್ಚಿ ಹೇಳು

‘ಕ್ವಾಯ್ದಾನ್’ ಹುಟ್ಟಿದ್ದು ಈ ಭಾಷೆಯಲ್ಲಿ. ಸೆತ್ಸು 1914ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ ಅದನ್ನು ವಿವರವಾಗಿ ಹೇಳಿದ್ದಾರೆ. ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಾಡಿ ದೆವ್ವದ ಕಥೆಗಳ ಪುಸ್ತಕಗಳನ್ನು ತರುತ್ತಿದ್ದವರು ಅವರೇ. ಮೊದಲು ತಾವು ಓದಿಕೊಳ್ಳಬೇಕು. ರಾತ್ರಿ ದೀಪದ ಬತ್ತಿ ಸಣ್ಣದು ಮಾಡಿ ಗಂಡನ ಎದುರು ಕೂರಬೇಕು. ಪುಸ್ತಕ ನೋಡಿ ಓದುವಂತಿಲ್ಲ! ತನ್ನ ಮಾತಿನಲ್ಲಿ, ತನ್ನ ಮನಸ್ಸಿಗೆ ತೋಚಿದಂತೆ ಹೇಳಬೇಕೆಂಬುದು ಹರ್ನ್ ಹಟ. ಹೀಗಾಗಿ ಕಥೆ ಸೆತ್ಸುಗೆ ಮೈಗೂಡಿದ ಮೇಲೆಯೇ ಬಾಯಿಗೆ ಬರುತ್ತಿತ್ತು. ಕೇಳುತ್ತ ಕೇಳುತ್ತ ಹರ್ನ್ ಮುಖದ ಬಣ್ಣ ಬದಲಾಗುತ್ತಿತ್ತು, ಕಣ್ಣು ನಿಲ್ಲುತ್ತಿತ್ತು. ಅದನ್ನು ನೋಡಿ ಹೇಳುವವರಿಗೇ ಹೆದರಿಕೆ. ಇಷ್ಟವಾದ ಜಾಗ ಬಂದರೆ ಮತ್ತೆ ಮತ್ತೆ ಹೇಳಿಸುವುದು: ಆ ಮಾತನ್ನು ಯಾವ ದನಿಯಲ್ಲಿ ಆಡಿರಬಹುದು? ಪಾದರಕ್ಷೆಯ ಸದ್ದು ಹೇಗಿತ್ತು? ರಾತ್ರಿ ಎಂಥದಿತ್ತು? ಪುಸ್ತಕದಲ್ಲಿಲ್ಲದ ಇಂಥ ಪ್ರಶ್ನೆಗಳಿಗೆ ಇಬ್ಬರೂ ಕೂತು ಉತ್ತರ ಹುಡುಕುತ್ತಿದ್ದರು. ಸೆತ್ಸುಗೆ ರಾತ್ರಿ ಕೆಟ್ಟ ಕನಸು ಬೀಳಲು ಶುರುವಾದಾಗ ಮಾತ್ರ ಸ್ವಲ್ಪ ದಿನ ರಜೆ.

ಈ ಸಂಗ್ರಹದ ಮೊದಲ ಕಥೆಯನ್ನೇ ನೋಡಿ. ಹೋಯಿಚಿ ಒಬ್ಬ ಕುರುಡ. ವೀಣೆಯಂಥ ಬಿವಾ ನುಡಿಸಿ ಹಾಡುವವನು. 1185ರಲ್ಲಿ ದಾನ್-ನೊ-ಉರಾ ಎಂಬ ಕಡಲ ಜಲಸಂಧಿಯಲ್ಲಿ ಹೆಯ್ಕೆ ವಂಶ ನಾಶವಾದದ್ದನ್ನೂ, ಎಳೆಯ ಚಕ್ರವರ್ತಿ ಅಂತೊಕು ಮುಳುಗಿ ಸತ್ತದ್ದನ್ನೂ ಅವನು ಹಾಡಿದರೆ ಕಲ್ಲೂ ಕರಗಬೇಕು. ಒಂದು ರಾತ್ರಿ ಯಾರೋ ಯೋಧ ಬಂದು ದೊಡ್ಡವರ ಅರಮನೆಗೆಂದು ಅವನನ್ನು ಕರೆದೊಯ್ಯುತ್ತಾನೆ. ಸಭೆ ತುಂಬಿದೆ, ಹಾಡು ಕೇಳಿ ಗೊಳೋ ಎಂದು ಅಳುತ್ತಿದೆ. ಕೊನೆಗೆ ತಿಳಿಯುವುದೇನೆಂದರೆ ಅವನು ಕೂತಿದ್ದದ್ದು ಸ್ಮಶಾನದಲ್ಲಿ, ಅಂತೊಕುವಿನ ಸಮಾಧಿಯೆದುರು! ಅವನನ್ನು ಉಳಿಸಲು ದೇಗುಲದ ಗುರುಗಳು ಮೈತುಂಬ ಮಂತ್ರ ಬರೆಸುತ್ತಾರೆ. ಮಂತ್ರವಿರುವ ಮೈ ಪ್ರೇತಕ್ಕೆ ಕಾಣುವುದಿಲ್ಲ. ಆದರೆ ಕಿವಿಗಳ ಮೇಲೆ ಬರೆಯುವುದು ಮರೆತುಹೋಗುತ್ತದೆ. ಮುಂದಿನದನ್ನು ಓದುಗರು ಊಹಿಸಬಹುದು. ಮೈಮೇಲೆ ಬರೆದ ಆ ಮಂತ್ರ ಪ್ರಜ್ಞಾಪಾರಮಿತಾ ಹೃದಯ ಸೂತ್ರ. ಸಂಸ್ಕೃತದ ಹೆಸರು ಹೊತ್ತು ಚೀನಾ ದಾರಿಯಲ್ಲಿ ಜಪಾನ್ ತಲುಪಿದ ಬೌದ್ಧ ಪಠ್ಯ. ಇದೇ ಪುಸ್ತಕದ ಇನ್ನೊಂದು ಕಥೆಯ ಹೆಣ ತಿನ್ನುವ ಪಿಶಾಚಿಗೆ ಕೊಟ್ಟ ಅಡಿಟಿಪ್ಪಣಿಯಲ್ಲಿ ನಮ್ಮ ‘ರಾಕ್ಷಸ’ ಶಬ್ದವೂ ಬರುತ್ತದೆ.

ಹೋಯಿಚಿ ಕಥೆಯ ಮೂಲ ಹಳೆಯ ಸಂಗ್ರಹವೊಂದರಲ್ಲಿ ಚಿಕ್ಕದಾಗಿತ್ತು. ಅದು ಬೆಳೆದದ್ದು ಹರ್ನ್ ಮನೆಯಲ್ಲಿ. ಯೋಧ ದ್ವಾರಪಾಲಕರಿಗೆ ಬಾಗಿಲು ತೆಗೆಯಲು ಹೇಳುವ ಮಾತು ಸಪ್ಪೆಯಾಯಿತೆಂದು ಇಬ್ಬರೂ ಯೋಚಿಸಿ ಗತ್ತಿನ ಶಬ್ದವೊಂದನ್ನು ಹುಡುಕಿದರು. ಒಂದು ಸಂಜೆ ಕತ್ತಲಾದರೂ ಹರ್ನ್ ದೀಪ ಹಚ್ಚದೆ ಕೂತಿದ್ದರು. ಪಕ್ಕದ ಕೋಣೆಯಿಂದ ಸೆತ್ಸು ಸಣ್ಣ ದನಿಯಲ್ಲಿ ಹೋಯಿಚಿಯ ಹೆಸರು ಹಿಡಿದು ಕರೆದರು. ತಾನು ಕುರುಡ, ಕರೆಯುತ್ತಿರುವವರು ಯಾರೆಂದು ಒಳಗಿನಿಂದ ಹೋಯಿಚಿಯೇ ಕೇಳಿದ ಹಾಗೆ ಉತ್ತರ ಬಂತು. ಉಳಿದ ಒಂದು ಕಣ್ಣೂ ಮಂಜಾಗಿದ್ದ ಮನುಷ್ಯನಿಗೆ ಅದು ಬರೀ ಆಟವಾಗಿತ್ತೆಂದು ಹೇಳುವುದು ಕಷ್ಟ.

ಸೆತ್ಸುಗೆ ತಾವು ಹೆಚ್ಚು ಓದಲಿಲ್ಲವೆಂಬ ಕೊರಗಿತ್ತು. ಆಗ ಹರ್ನ್ ತಮ್ಮ ಪುಸ್ತಕಗಳ ಸಾಲು ತೋರಿಸಿ, ಇವೆಲ್ಲ ಯಾರ ದಯೆಯಿಂದ ಆದವೆಂದು ಕೇಳುತ್ತಿದ್ದರಂತೆ. ಓದಿದವಳಾಗಿದ್ದರೆ ದೆವ್ವದ ಕಥೆಗಳೆಲ್ಲ ಮೂರ್ಖತನವೆಂದು ನಗುತ್ತಿದ್ದೆಯಲ್ಲ ಎನ್ನುತ್ತಿದ್ದರಂತೆ. ಮನೆಯವರ ನೆನಪುಗಳಲ್ಲಿ ಉಳಿದಿರುವ ಈ ಮಾತಿನಲ್ಲಿ ಪ್ರೀತಿಯೇನೋ ಇದೆ. ಆದರೂ ‘ಕ್ವಾಯ್ದಾನ್’ ಮುನ್ನುಡಿ ತೆರೆದು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಯಾವ ಹಳೆಯ ಪುಸ್ತಕಗಳಿಂದ ಕಥೆ ಬಂದವೆಂದು ಅಲ್ಲಿ ಹೆಸರುಗಳಿವೆ. ‘ಯುಕಿ-ಒನ್ನಾ’, ಎಂದರೆ ಹಿಮದ ಹೆಣ್ಣಿನ ಕಥೆ ಹೇಳಿದವನು ಮುಸಾಶಿ ಪ್ರಾಂತದ ಚೋಫು ಊರಿನ ಒಬ್ಬ ರೈತನೆಂದೂ ಇದೆ. ಸೆತ್ಸು ಹೆಸರಿಲ್ಲ. ಶೀರ್ಷಿಕೆಯಲ್ಲಿ ಮಾತ್ರ ಅವರ ದನಿ ಉಳಿಯಿತೆನ್ನುತ್ತಾರೆ. ಸಾಮಾನ್ಯವಾಗಿ ‘ಕಾಯ್ದಾನ್’ ಎನ್ನುವ ಶಬ್ದ ಸೆತ್ಸು ಊರಿನ ಕಡೆಯ ಹಳೆಯ ಉಚ್ಚಾರದಲ್ಲಿ ‘ಕ್ವಾಯ್ದಾನ್’.

ಹೆಸರು ಕೊಡದಿದ್ದರೂ ಹರ್ನ್ ಹೆಂಡತಿಗಾಗಿ ದೊಡ್ಡದೊಂದನ್ನು ಬಿಟ್ಟರು: ತಮ್ಮ ದೇಶವನ್ನು. ಅಂದಿನ ಜಪಾನಿ ಕಾನೂನಿನಂತೆ ವಿದೇಶಿಯನ್ನು ಮದುವೆಯಾದ ಹೆಣ್ಣು ಪೌರತ್ವ ಕಳೆದುಕೊಳ್ಳುತ್ತಿದ್ದಳು. ತಾವು ಸತ್ತರೆ ಹೆಂಡತಿ ಮಕ್ಕಳ ಗತಿಯೇನೆಂಬ ಚಿಂತೆಯಿಂದ 1896ರಲ್ಲಿ ಅವರು ಹೆಂಡತಿಯ ಮನೆತನಕ್ಕೆ ದತ್ತಾಗಿ, ಕೊಯ್ಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನಿನ ಪ್ರಜೆಯಾದರು. ಅದೇ ವರ್ಷ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠಕ್ಕೆ ಸೇರಿದರು. 1903ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆಯೂ ಆ ಕೆಲಸ ಹೋಯಿತು. ಅವರ ಜಾಗಕ್ಕೆ ಬಂದವರು ಇಂಗ್ಲೆಂಡಿನಿಂದ ಆಗಷ್ಟೇ ಮರಳಿದ್ದ ನತ್ಸುಮೆ ಸೊಸೆಕಿ. ಮುಂದೆ ಆಧುನಿಕ ಜಪಾನಿ ಕಾದಂಬರಿಯ ದೊಡ್ಡ ಹೆಸರಾದವರು. ‘ಕ್ವಾಯ್ದಾನ್’ ಹೊರಬಂದ ಐದೇ ತಿಂಗಳಿಗೆ, 1904ರ ಸೆಪ್ಟೆಂಬರ್ 26ರಂದು ಹರ್ನ್ ಹೃದಯಾಘಾತದಿಂದ ತೀರಿಕೊಂಡರು. ನಾಲ್ಕು ಮಕ್ಕಳು ಸೆತ್ಸು ಕೈಯಲ್ಲಿ ಉಳಿದರು.

ಮರಳಿ ಊರಿಗೆ

ಆಮೇಲೆ ಕಥೆಗಳು ಹಿಂದಿರುಗಿದವು. 1920ರ ದಶಕದಲ್ಲಿ ಹರ್ನ್ ಶಿಷ್ಯರೇ ಅವರ ಕೃತಿಗಳನ್ನು ಜಪಾನಿಗೆ ಅನುವಾದಿಸಿದರು. ಜಪಾನಿ ಪುಸ್ತಕದಿಂದ ಸೆತ್ಸು ಬಾಯಿಗೆ, ಅಲ್ಲಿಂದ ಹರಕು ಭಾಷೆಗೆ, ಅಲ್ಲಿಂದ ಇಂಗ್ಲಿಷಿಗೆ, ಮತ್ತೆ ಜಪಾನಿಗೆ. ಇಷ್ಟು ಕೈ ದಾಟಿದ ಹೋಯಿಚಿಯನ್ನು ಮಕ್ಕಳು ತಮ್ಮ ಅಜ್ಜಿಯ ಕಥೆಯೆಂದೇ ಓದಿದರು. ಹಿಮದ ಹೆಣ್ಣಿನದು ಇನ್ನೂ ವಿಚಿತ್ರ. ಪರ್ವತ ಪ್ರಾಂತಗಳ ಜನಪದ ಕಥೆಯೆಂದು ಮುಂದೆ ಪ್ರಚಾರಕ್ಕೆ ಬಂದ ಕೆಲವು ಪಾಠಗಳನ್ನು ವಿದ್ವಾಂಸರು ಪರಿಶೀಲಿಸಿದಾಗ ಅವು ಹರ್ನ್ ಕಥೆಯಿಂದಲೇ ಹುಟ್ಟಿದವೆಂದು ತಿಳಿಯಿತು. ರೈತನಿಂದ ಪುಸ್ತಕಕ್ಕೆ ಬಂದದ್ದು ಪುಸ್ತಕದಿಂದ ಬೆಟ್ಟ ಹತ್ತಿತ್ತು!

1964ರಲ್ಲಿ ಮಸಾಕಿ ಕೊಬಯಾಶಿ ಹರ್ನ್ ಅವರ ನಾಲ್ಕು ಕಥೆಗಳನ್ನು ‘ಕ್ವಾಯ್ದಾನ್’ ಹೆಸರಿನಲ್ಲೇ ಸಿನಿಮಾ ಮಾಡಿದರು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಕಪ್ಪು ಕೂದಲು, ನಿಶ್ಶಬ್ದ, ನಿಧಾನವಾಗಿ ತಿರುಗುವ ಮುಖ: ‘ರಿಂಗ್’ ನೋಡಿ ಬೆಚ್ಚಿದವರು ಈ ಹಳೆಯ ಚಿತ್ರವನ್ನೂ ನೋಡಬೇಕು. ಪುಸ್ತಕವಂತೂ ಸಂಜೆಯೊಂದರಲ್ಲಿ ಓದಿ ಮುಗಿಸುವಷ್ಟು ಚಿಕ್ಕದು, ಇಂಗ್ಲಿಷ್ ಸರಳ. ಅಕಾಸಕಾ ದಾರಿಯ ಮುಖವಿಲ್ಲದ ಹೆಣ್ಣಿನ ಕಥೆ ‘ಮುಜಿನಾ’ ಮೂರ್ನಾಲ್ಕು ಪುಟವೂ ಇಲ್ಲ, ಮೊದಲು ಅದನ್ನೇ ಓದಬಹುದು.

ಸೆತ್ಸು 1932ರಲ್ಲಿ ತೀರಿಕೊಂಡರು. ಟೋಕಿಯೊದ ಜೋಶಿಗಯಾ ಸ್ಮಶಾನದಲ್ಲಿ ಗಂಡನ ಪಕ್ಕದಲ್ಲೇ ಅವರ ಸಮಾಧಿಯಿದೆ. 2025ರ ಸೆಪ್ಟೆಂಬರ್ 29ರಿಂದ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಈ ದಂಪತಿಯ ಬದುಕನ್ನು ಆಧರಿಸಿದ ‘ಬಾಕೆಬಾಕೆ’ ಎಂಬ ಬೆಳಗಿನ ಧಾರಾವಾಹಿಯನ್ನು ಆರಂಭಿಸಿತು. ಅದರ ಮುಖ್ಯ ಪಾತ್ರ ಹರ್ನ್ ಅಲ್ಲ, ಕಥೆ ಹೇಳಿದ ಹೆಂಗಸು.