ಟಿಬೆಟನ್ ಧರ್ಮಗ್ರಂಥಗಳ ಪ್ರಕಟಣೆ ಮತ್ತು ಧ್ವನಿಮುದ್ರಣ: ಬೈಲಕುಪ್ಪೆ, ಗುರುಪುರ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಮತ್ತು ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ವಸತಿಗಳಲ್ಲಿ ನೆಲೆಗೊಂಡ ವಿಹಾರಗಳು ತಮ್ಮ ಧರ್ಮಗ್ರಂಥಗಳನ್ನೂ ಗುರುಗಳ ಬೋಧನೆಯನ್ನೂ ಉಳಿಸಿ ಮುಂದಿನವರಿಗೆ ದಾಟಿಸಿದ ಇತಿಹಾಸ. ಕೈಬರಹ, ಕಲ್ಲಚ್ಚು, ಆಫ್‌ಸೆಟ್, ಕ್ಯಾಸೆಟ್, ಫ್ಲಾಪಿ ಡಿಸ್ಕ್, ಅಂತರ್ಜಾಲ ಎಂದು ಸಾಧನಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಬಂದಿವೆ. ಆದರೆ ಗುರುವಿನ ಬಾಯಿಂದ ಕೇಳದ ಗ್ರಂಥವನ್ನು ಬೋಧಿಸುವ ಅಧಿಕಾರ ಯಾರಿಗೂ ಇಲ್ಲವೆಂಬ ಹಳೆಯ ಕಟ್ಟಳೆಯನ್ನು ಇವುಗಳಲ್ಲಿ ಯಾವುದೂ ಅಲುಗಿಸಿಲ್ಲ.

ಹಿನ್ನೆಲೆ

ಟಿಬೆಟನ್ ಗ್ರಂಥದ ಸಾಂಪ್ರದಾಯಿಕ ರೂಪ ‘ಪೇಚಾ’. ಉದ್ದನೆಯ, ಕಿರಿದಾದ ಬಿಡಿ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಭಾರತದ ತಾಳೆಗರಿ ಕಟ್ಟಿನ ಆಕಾರವೇ ಹಿಮಾಲಯದಾಚೆ ಕಾಗದಕ್ಕೆ ಇಳಿದದ್ದು. ಗ್ರಂಥವನ್ನು ಪ್ರತಿಮಾಡಿಸುವುದು ಅಲ್ಲಿಯೂ ಪುಣ್ಯದ ಕೆಲಸ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಬೈಲಕುಪ್ಪೆಗೆ ಬಂದ ಸೆರಾ ವಿಹಾರವನ್ನು ಲಾಸಾದ ಬಳಿ 1419ರಲ್ಲಿ ಕಟ್ಟಿದವನು ಗೆಲುಗ್ ಪಂಥದ ಸ್ಥಾಪಕ ತ್ಸೊಂಗ್‌ಖಾಪನ ಶಿಷ್ಯ ಜಾಮ್‌ಚೆನ್ ಚೋಜೆ. ಚೀನಾದ ಮಿಂಗ್ ದೊರೆ ಯಾಂಗ್‌ಲೆ 1410ರಲ್ಲಿ ಮರದಚ್ಚಿನಲ್ಲಿ ಮುದ್ರಿಸಿದ ಕಾಂಗ್ಯೂರ್, ಅಂದರೆ ಬುದ್ಧವಚನದ ಟಿಬೆಟನ್ ಅನುವಾದಗಳ ಸಂಗ್ರಹ, ಅವನಿಗೆ ಉಡುಗೊರೆಯಾಗಿ ಬಂದಿತ್ತು. ಅಚ್ಚಾದ ಮೊದಲ ಕಾಂಗ್ಯೂರ್ ಅದೇ. ಹುಟ್ಟಿನಿಂದಲೇ ಮುದ್ರಿತ ಪುಸ್ತಕದ ನಂಟಿದ್ದ ವಿಹಾರವೊಂದು ಐದೂವರೆ ಶತಮಾನದ ಮೇಲೆ ಕಾವೇರಿ ಸೀಮೆಗೆ ಬಂದು, ಓದಲು ಪುಸ್ತಕವಿಲ್ಲದೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಟಿಬೆಟಿನಲ್ಲಿ ಮುಂದೆ ದೆರ್ಗೆ, ನಾರ್ಥಂಗ್, ಲಾಸಾಗಳಲ್ಲಿ ದೊಡ್ಡ ಮುದ್ರಣಾಲಯಗಳು ಬೆಳೆದವು. ಕೆತ್ತಿದ ಮರದ ಹಲಗೆಗಳು ಅಲ್ಲೇ ಉಳಿದವು. ಅವನ್ನು ಹೊತ್ತು ಹಿಮಾಲಯ ದಾಟುವುದು ಸಾಧ್ಯವಿರಲಿಲ್ಲ.

ಬಕ್ಸಾದಿಂದ ಬೈಲಕುಪ್ಪೆಗೆ

1959ರ ಮಾರ್ಚಿನ ಲಾಸಾ ದಂಗೆಯ ನಂತರ ಭಾರತಕ್ಕೆ ಬಂದ ಭಿಕ್ಷುಗಳಲ್ಲಿ ಸುಮಾರು 1,500 ಮಂದಿಯನ್ನು ವಿದ್ಯಾಭ್ಯಾಸ ಮುಂದುವರಿಸಲೆಂದು ಉತ್ತರ ಬಂಗಾಳದ ಬಕ್ಸಾದಲ್ಲಿ ಇರಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಸೆರೆಮನೆಯಾಗಿದ್ದ ಕೋಟೆ ಅದು. ಕ್ಷಯ ಹರಡಿತು, ಹಲವರು ಸತ್ತರು. ಕೆಲವರು ತಂದಿದ್ದ ಪುಸ್ತಕಗಳನ್ನೂ ಹಿರಿಯರ ನೆನಪಿನಲ್ಲಿದ್ದ ಪಾಠಗಳನ್ನೂ ಕೈಯಲ್ಲಿ ಬರೆದುಕೊಂಡು, ಕಲ್ಲಚ್ಚಿನಲ್ಲಿ ಪ್ರತಿ ತೆಗೆದು ಹಂಚಿಕೊಂಡರು. ಬಾಲಭಿಕ್ಷುವಿಗೆ ಮೊದಲ ಕೆಲಸವೇ ಬಾಯಿಪಾಠ. ನೂರಾರು ಪುಟ ಕಂಠಸ್ಥವಾದ ಮೇಲೆ ಅರ್ಥವಿವರಣೆ, ಆಮೇಲೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ. ಪುಸ್ತಕವಿಲ್ಲದ ಆ ವರ್ಷಗಳನ್ನು ದಾಟಿಸಿದ್ದರಲ್ಲಿ ಈ ಬಾಯಿಪಾಠದ ಪಾಲು ದೊಡ್ಡದು.

ಅತ್ತ ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ಮೊದಲ ವಸತಿ 1960–61ರಲ್ಲಿ ಆರಂಭವಾಯಿತು. ಎರಡನೆಯದಾದ ಡಿಕ್ಯಿ ಲಾರ್ಸೊ 1969ರಲ್ಲಿ. ಗುರುಪುರದ ರಬ್‌ಗೇಲಿಂಗ್ 1972ರಲ್ಲಿ. ಸುತ್ತಲಿನ ಊರಿನವರ ಬಾಯಲ್ಲಿ ಇವೆಲ್ಲ ‘ಕ್ಯಾಂಪ್’. ಬಕ್ಸಾದ ಭಿಕ್ಷುಗಳಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರದವರು ಉತ್ತರ ಕನ್ನಡದ ಮುಂಡಗೋಡಕ್ಕೆ ಹೋದರು. ಸೆರಾದ ಸುಮಾರು 300 ಮಂದಿ 1970ರಲ್ಲಿ ಬೈಲಕುಪ್ಪೆಗೆ ಬಂದರು. ಕಾಡು ಕಡಿದು ಮುಸುಕಿನ ಜೋಳ ಬಿತ್ತುವುದೂ ಓದುವುದೂ ಅವರ ಪಾಲಿಗೆ ಒಟ್ಟಿಗೇ ನಡೆಯಬೇಕಿತ್ತು. ಪಂಚೆನ್ ಲಾಮಾರ ಪೀಠವಾದ ತಾಶಿ ಲ್ಹುಂಪೊ 1972ರಲ್ಲಿ ಇಲ್ಲಿ ಮರುಸ್ಥಾಪನೆಯಾಯಿತು.

ಈ ವಿಹಾರಗಳೆಲ್ಲಕ್ಕಿಂತ ಮೊದಲೇ, 1963ರಲ್ಲಿ, ನ್ಯಿಂಗ್ಮಾ ಪಂಥದ ಪಲ್‌ಯುಲ್ ಪರಂಪರೆಯ ಪೆನೋರ್ ರಿನ್‌ಪೋಚೆ (1932–2009) ಬಿದಿರಿನ ಗುಡಿಯೊಂದರಲ್ಲಿ ನಾಮ್‌ಡ್ರೋಲಿಂಗ್ ವಿಹಾರವನ್ನು ಆರಂಭಿಸಿದ್ದರು. ಪ್ರವಾಸಿಗರು ‘ಗೋಲ್ಡನ್ ಟೆಂಪಲ್’ ಎಂದು ಸಾಲುಗಟ್ಟುವ ಮಂದಿರ ಪೂರ್ಣಗೊಂಡದ್ದು 1999ರಲ್ಲಿ. ಗ್ರಂಥಗಳ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ಅದೇ ಆವರಣದಲ್ಲಿ 1978ರಲ್ಲಿ ಶುರುವಾದ ನಾಗ್ಯುರ್ ನ್ಯಿಂಗ್ಮಾ ಇನ್‌ಸ್ಟಿಟ್ಯೂಟ್. ನ್ಯಿಂಗ್ಮಾ ಪಂಥದ ಶಾಸ್ತ್ರಗಳನ್ನು ಪಾಠಕ್ಕೆ ಒಗ್ಗುವಂತೆ ಅಚ್ಚುಮಾಡಿ ಹಿಮಾಲಯದ ಮಠಗಳವರೆಗೆ ಮುಟ್ಟಿಸಿದ ಸಂಸ್ಥೆ ಅದು. ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡವರಲ್ಲಿ ಅದನ್ನು ಗಮನಿಸಿದವರು ಕಡಿಮೆ.

ಅಚ್ಚಿನ ಕಾಲ

ಭಾರತದಲ್ಲಿ ಟಿಬೆಟನ್ ಮುದ್ರಣಕ್ಕೆ ಬಲ ಬಂದದ್ದು ಯಾರೂ ಎಣಿಸದ ಕಡೆಯಿಂದ. 1954ರ ಅಮೆರಿಕದ ಪಿ.ಎಲ್. 480 ಕಾಯ್ದೆಯಡಿ ನಮ್ಮ ದೇಶ ತರಿಸಿಕೊಂಡ ಗೋಧಿಯ ಬೆಲೆಯನ್ನು ರೂಪಾಯಿಯಲ್ಲೇ ಕಟ್ಟಿತು. ಅದರಲ್ಲಿ ಒಂದು ಭಾಗವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಇಲ್ಲಿಯ ಪುಸ್ತಕಗಳನ್ನು ಕೊಳ್ಳಲು ಬಳಸಿತು. 1968ರಲ್ಲಿ ಅದರ ದೆಹಲಿ ಕಚೇರಿ ಸೇರಿದ ವಿದ್ವಾಂಸ ಇ. ಜೀನ್ ಸ್ಮಿತ್, ನಿರಾಶ್ರಿತರ ಬಳಿ ಉಳಿದಿದ್ದ ಅಪೂರ್ವ ಪ್ರತಿಗಳ ಮರುಮುದ್ರಣಕ್ಕೆ ಉತ್ತೇಜನ ಕೊಟ್ಟರು. ಇಷ್ಟು ಪ್ರತಿ ಖರೀದಿಯಾಗುತ್ತದೆಂಬ ಭರವಸೆ ಸಿಕ್ಕರೆ ಬಡ ಪ್ರಕಾಶಕನೂ ಆಫ್‌ಸೆಟ್ ಮುದ್ರಣಕ್ಕೆ ಕೈಹಾಕಬಲ್ಲ. ಬರಗಾಲದ ಗೋಧಿ ಹೀಗೆ ಧರ್ಮಗ್ರಂಥಗಳಿಗೂ ಆಸರೆಯಾಯಿತು. ಸ್ಮಿತ್ 1999ರಲ್ಲಿ ಕಟ್ಟಿದ ಟಿಬೆಟನ್ ಬುದ್ಧಿಸ್ಟ್ ರಿಸೋರ್ಸ್ ಸೆಂಟರ್ ಆ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಮುಂದೆ ಲೋಕಕ್ಕೆಲ್ಲ ಸಿಗುವಂತೆ ಮಾಡಿತು.

ಸೆರಾದಲ್ಲಿ ಎರಡು ಮಹಾವಿದ್ಯಾಲಯಗಳಿವೆ: ಜೆ ಮತ್ತು ಮೆ. ಜೆ ಕಡೆಯವರು ಜೆತ್ಸುನ್ ಚೋಕ್ಯಿ ಗ್ಯಾಲ್ತ್ಸೆನ್ (1469–1544) ಬರೆದ ಪಠ್ಯಗಳನ್ನು ಓದಿದರೆ ಮೆ ಕಡೆಯವರು ಖೇದ್ರುಪ್ ತೆನ್ಪಾ ದಾರ್ಗ್ಯೆಯ (1493–1568) ಪಠ್ಯಗಳನ್ನು ಓದುತ್ತಾರೆ. ಒಂದೇ ಊರು, ಒಂದೇ ವಿಹಾರ. ಗ್ರಂಥಾಲಯವೂ ಪ್ರಕಟಣೆಯೂ ಬೇರೆ ಬೇರೆ. ಈಗ ಇವು ಹೊರತರುವ ಪಠ್ಯಗಳಲ್ಲಿ ಹೆಚ್ಚಿನವು ಪೇಚಾ ರೂಪ ಬಿಟ್ಟು ಸಾಮಾನ್ಯ ಹೊಲಿಗೆಯ ಪುಸ್ತಕಗಳಾಗಿವೆ. ಪೂಜೆಯಲ್ಲಿ ಮಾತ್ರ ಬಿಡಿ ಹಾಳೆಯ ಕಟ್ಟೇ ನಡೆಯುತ್ತದೆ.

ಕೀಲಿಮಣೆ

ಅಮೆರಿಕದ ಮೈಕೆಲ್ ರೋಚ್ 1987ರಲ್ಲಿ ಆರಂಭಿಸಿದ ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್‌ನ ಬೆರಳಚ್ಚು ಕೇಂದ್ರ ಸೆರಾ ಮೆಯಲ್ಲಿ ನೆಲೆಗೊಂಡಿತು. ಕಾಂಗ್ಯೂರ್ ಮತ್ತು ತೆಂಗ್ಯೂರ್ (ಭಾರತೀಯ ಆಚಾರ್ಯರ ಶಾಸ್ತ್ರಗಳ ಟಿಬೆಟನ್ ಅನುವಾದ) ಗ್ರಂಥಗಳನ್ನು ಕಂಪ್ಯೂಟರಿಗೆ ಊಡುವುದು ಅದರ ಉದ್ದೇಶ. ಆಗ ಯೂನಿಕೋಡ್‌ನಲ್ಲಿ ಟಿಬೆಟನ್ ಲಿಪಿಗೆ ಜಾಗವಿರಲಿಲ್ಲ. ಅದು ಸ್ಥಿರವಾಗಿ ಸೇರಿದ್ದು 1996ರಲ್ಲಿ. ಹೀಗಾಗಿ ಯುವ ಭಿಕ್ಷುಗಳು ಧರ್ಮಗ್ರಂಥವನ್ನು ರೋಮನ್ ದೊಡ್ಡಕ್ಷರಗಳಲ್ಲಿ ಟೈಪ್ ಮಾಡಿದರು. ಒಂದೇ ಗ್ರಂಥವನ್ನು ಇಬ್ಬರು ಬೇರೆ ಬೇರೆಯಾಗಿ ಒತ್ತಿ, ಎರಡೂ ಪ್ರತಿಗಳನ್ನು ಯಂತ್ರದಲ್ಲಿ ಹೋಲಿಸಿ ತಪ್ಪು ಹಿಡಿಯುವ ಕ್ರಮವಿತ್ತು. ಸಿದ್ಧವಾದದ್ದು ಫ್ಲಾಪಿ ಡಿಸ್ಕ್‌ಗಳಲ್ಲಿ, ಆಮೇಲೆ ಸಿಡಿಗಳಲ್ಲಿ, ದೇಶದೇಶಗಳ ವಿದ್ವಾಂಸರಿಗೆ ಹೋಯಿತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಒಂದು ಪದ ಹುಡುಕಿ ಕ್ಷಣದಲ್ಲಿ ಪಡೆಯುವ ಉತ್ತರದ ಹಿಂದೆ ಪಿರಿಯಾಪಟ್ಟಣ ತಾಲ್ಲೂಕಿನ ಬೆರಳುಗಳಿವೆ. ಅಡಿಟಿಪ್ಪಣಿಗಳಲ್ಲಿ ಈ ಲಿಪಿಕಾರರ ಹೆಸರು ಬರುವುದು ಅಪರೂಪ. ತಾಳೆಗರಿಯ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನಾದರೂ ಕೊರೆಯುತ್ತಿದ್ದ.

ಸೆರಾ ಮೆಯಲ್ಲೇ ಓದಿದ ಭಿಕ್ಷು ಲೋಬ್ಸಾಂಗ್ ಮೊನ್ಲಾಮ್ ಮುಂದೆ ಟಿಬೆಟನ್ ಅಕ್ಷರಶೈಲಿಗಳನ್ನು ರೂಪಿಸಿದರು. ಅವರ ನೇತೃತ್ವದಲ್ಲಿ ಸಿದ್ಧವಾದ 223 ಸಂಪುಟಗಳ ಮೊನ್ಲಾಮ್ ಮಹಾನಿಘಂಟು 2022ರಲ್ಲಿ ಹಿಮಾಚಲದ ಧರ್ಮಶಾಲಾದಲ್ಲಿ ಬಿಡುಗಡೆಯಾಯಿತು.

ಧ್ವನಿ

ಗ್ರಂಥವೊಂದನ್ನು ಗುರು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಶಿಷ್ಯರಿಗೆ ಕೇಳಿಸುವುದಕ್ಕೆ ‘ಲುಂಗ್’ ಎನ್ನುತ್ತಾರೆ. ಹಾಗೆ ಓದುವವನು ತಾನೂ ತನ್ನ ಗುರುವಿನಿಂದ ಕೇಳಿದ್ದಿರಬೇಕು. ಈ ಸರಪಳಿ ತುಂಡಾದರೆ ಗ್ರಂಥ ಕಪಾಟಿನಲ್ಲಿದ್ದರೂ ಪರಂಪರೆ ನಿಂತಂತೆ. ಆದ್ದರಿಂದ ಟೇಪ್‌ರೆಕಾರ್ಡರ್ ಬಂದಾಗ ಅದಕ್ಕೆ ದೊರೆತದ್ದು ಸಹಾಯಕನ ಸ್ಥಾನ: ವ್ಯಾಖ್ಯಾನ ಮರೆಯದಿರಲು, ದೂರದವರಿಗೆ ತಲುಪಲು, ಆಮೇಲೆ ಬರಹಕ್ಕಿಳಿಸಲು. ಸೆರಾ ಜೆಯಲ್ಲಿ ಓದಿ ಬಕ್ಸಾದಲ್ಲಿದ್ದ ಲಾಮಾ ಯೇಶೆ (1935–1984) ಬೈಲಕುಪ್ಪೆಯಲ್ಲಿ ನೆಲೆಸದೆ ನೇಪಾಳದ ಕೋಪನ್‌ನಿಂದ ಪಾಶ್ಚಾತ್ಯ ಶಿಷ್ಯರಿಗೆ ಬೋಧಿಸಿದರು. ಅವರ ಭಾಷಣಗಳ ಧ್ವನಿಮುದ್ರಣಗಳನ್ನು ಕಾಪಾಡಿ, ಅವುಗಳಿಂದ ಪುಸ್ತಕಗಳನ್ನು ತಯಾರಿಸಿ ಉಚಿತವಾಗಿ ಹಂಚುವ ‘ಲಾಮಾ ಯೇಶೆ ವಿಸ್ಡಮ್ ಆರ್ಕೈವ್’ 1996ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾಯಿತು.

ದಲಾಯಿ ಲಾಮಾ 2012ರಿಂದ 2015ರವರೆಗೆ ನಡೆಸಿದ, ಜ್ಞಾನೋದಯದ ಹಾದಿಯ ಹಂತಗಳನ್ನು ತಿಳಿಸುವ ಹದಿನೆಂಟು ಲಾಮ್‌ರಿಮ್ ಗ್ರಂಥಗಳ ಪ್ರವಚನಮಾಲೆಯಲ್ಲಿ 2013ರ ಡಿಸೆಂಬರಿನದು ಸೆರಾದಲ್ಲೂ 2015ರದು ತಾಶಿ ಲ್ಹುಂಪೊದಲ್ಲೂ ನಡೆದವು. ಟಿಬೆಟನ್ ತಿಳಿಯದ ಕೇಳುಗರು ಕಿವಿಗೆ ಎಫ್‌ಎಂ ರೇಡಿಯೊ ಸಿಕ್ಕಿಸಿಕೊಂಡು ಅನುವಾದ ಕೇಳಿದರು. ಸಭೆ ಅಂತರ್ಜಾಲದಲ್ಲಿ ನೇರವಾಗಿ ಪ್ರಸಾರವಾಯಿತು. ಅನುವಾದದ ಮಾತಿಗೆ ಬಂದರೆ, ಕನ್ನಡದ ಆಧುನಿಕ ಬೌದ್ಧ ಸಾಹಿತ್ಯ ಬಹುಪಾಲು ಪಾಲಿ ಭಾಷೆಯ ಕಡೆಯಿಂದ ಬಂದದ್ದು: ಜಿ.ಪಿ. ರಾಜರತ್ನಂ ಅವರ ಕೃತಿಗಳು, 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಯ ಪ್ರಕಟಣೆಗಳು. ಅರವತ್ತು ವರ್ಷದ ನೆರೆಹೊರೆಯ ಸಂಗತಿ ನೋಡಿದರೆ, ಬೈಲಕುಪ್ಪೆಯ ಕಪಾಟುಗಳಿಂದ ಕನ್ನಡಕ್ಕೆ ಬರಬೇಕಾದದ್ದು ಇನ್ನೂ ಬಹಳವಿದೆ.

ಗುರುಪುರದ ಗ್ಯೂಮೆ ತಾಂತ್ರಿಕ ವಿಹಾರ (ಟಿಬೆಟಿನಲ್ಲಿ ಸ್ಥಾಪನೆ 1433) ಪ್ರಸಿದ್ಧವಾದದ್ದು ಅಲ್ಲಿಯ ಮಂತ್ರಪಠಣದಿಂದ. ಒಬ್ಬನೇ ಭಿಕ್ಷುವಿನ ಆಳವಾದ ಮಂದ್ರದ ಮೇಲೆ ಇನ್ನೊಂದು ಸ್ವರವೂ ಕೇಳಿಸುವ ಈ ಪದ್ಧತಿಯ ಧ್ವನಿಮುದ್ರಿಕೆಗಳು ಪಶ್ಚಿಮದಲ್ಲಿ ಸಂಗೀತವಾಗಿ ಮಾರಾಟವಾದವು. ವಿಹಾರದ ಲೆಕ್ಕದಲ್ಲಿ ಅದು ಸಂಗೀತವಲ್ಲ, ಸಾಧನೆ. ತಾಂತ್ರಿಕ ಗ್ರಂಥಗಳು ಅಚ್ಚಾದರೂ ಅಭಿಷೇಕ (ತಂತ್ರದೀಕ್ಷೆ) ಪಡೆಯದವರು ಓದಬಾರದೆಂಬ ನಿರ್ಬಂಧ ಅವುಗಳ ಮೇಲಿದೆ. ಸೆರಾ, ಡ್ರೆಪುಂಗ್, ಗಾಂಡೆನ್‌ಗಳಲ್ಲಿ ಎರಡು ದಶಕ ಓದಿ ಗೆಶೆ ಲ್ಹಾರಂಪಾ ಪದವಿ ಪಡೆದವರೂ ತಂತ್ರಶಾಸ್ತ್ರವನ್ನು ಪುಸ್ತಕದಿಂದ ಕಲಿಯುವಂತಿಲ್ಲ. ಗ್ಯೂಮೆ ಅಥವಾ ಹಿಮಾಚಲದ ಗ್ಯೂಟೊ ವಿಹಾರದಲ್ಲಿ ಒಂದು ವರ್ಷ ಇದ್ದು, ಗುರುಮುಖದಿಂದ ಕೇಳಿ ಹೋಗುತ್ತಾರೆ.