ಬೈಗುಳವೇ ಹೆಸರಾದ ಕಾವ್ಯ

ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿ ಒಂದು ಕಡೆ ನೆಲ ಕೊರೆದು ಇನ್ನೊಂದು ಕಡೆ ತಂದು ಗುಡ್ಡೆ ಹಾಕುತ್ತದೆ. ಹಾಗೆ ಎದ್ದ ಮರಳು ಮಣ್ಣಿನ ನಡುಗಡ್ಡೆಗಳಿಗೆ ಅಲ್ಲಿನವರು 'ಚರ್' ಅಂತಾರೆ. ಈ ವರ್ಷ ಇದ್ದ ಊರು ಮುಂದಿನ ಮಳೆಗಾಲಕ್ಕೆ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಇಂಥ ನೆಲವನ್ನು ಉತ್ತು ಬದುಕುವ ಬಂಗಾಳಿ ಮೂಲದ ಮುಸ್ಲಿಂ ರೈತರನ್ನು ಪೇಟೆಯ ಜನ ಕರೆಯುವುದು 'ಮಿಯಾ' ಎಂದು. ಮೂಲದಲ್ಲಿ ಅದು ಸ್ವಾಮಿ, ಯಜಮಾನ ಎನ್ನುವ ಮರ್ಯಾದೆಯ ಮಾತು. ಅಸ್ಸಾಮಿನಲ್ಲಿ ಅದು ಬೈಗುಳ. ಎಲ್ಲಿಂದಲೋ ನುಗ್ಗಿ ಬಂದವನು, ನೆಲಗಳ್ಳ ಎಂದು ಅರ್ಥ. ಹುಟ್ಟಿದ ಜಾತಿಯ ಹೆಸರನ್ನೇ ಬೈಗುಳವಾಗಿ ಕೇಳಿಸಿಕೊಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2016ರ ಏಪ್ರಿಲ್ ಕೊನೆಯಲ್ಲಿ ಹಫೀಜ್ ಅಹ್ಮದ್ ಎಂಬ ಕವಿ, ತನ್ನನ್ನು ಮಿಯಾ ಎಂದೇ ಬರೆದುಕೊಳ್ಳಿ ಎಂದು ಅಧಿಕಾರಿಯ ಮುಂದೆ ನಿಂತು ಹೇಳುವಂಥ ಒಂದು ಪದ್ಯ ಬರೆದರು. ಯಾವ ಪತ್ರಿಕೆಗೂ ಕಳಿಸಲಿಲ್ಲ, ಫೇಸ್‌ಬುಕ್ಕಿಗೆ ಹಾಕಿದರು. ಪ್ಯಾಲೆಸ್ತೀನಿನ ಮಹಮೂದ್ ದರ್ವೀಶ್ 1964ರಲ್ಲಿ ಬರೆದ 'ಗುರುತಿನ ಚೀಟಿ' ಅದರ ಹಿಂದೆ ಇತ್ತು. ಅದನ್ನು ಓದಿ ಶಾಲಿಂ ಹುಸೇನ್ ಎಂಬ ಯುವಕ ಪದ್ಯದಲ್ಲೇ ಜವಾಬು ಕೊಟ್ಟರು. ಬರೆದುಕೊಂಡಿದ್ದೀನಿ ಅಜ್ಜ, ಎಂದು ಮೊಮ್ಮಗ ಹೇಳುವ ಧಾಟಿ ಅದರದ್ದು. ಆಮೇಲೆ ಒಬ್ಬರಾದ ಮೇಲೊಬ್ಬರು. ಕಾಜಿ ನೀಲ್ ಬರೆದರು, ರೆಹನಾ ಸುಲ್ತಾನಾ ಬರೆದರು. ಕೆಲವರು ಅಸ್ಸಾಮಿಯಲ್ಲಿ, ಕೆಲವರು ಇಂಗ್ಲಿಷಿನಲ್ಲಿ, ಕೆಲವರು ಮನೆಯಲ್ಲಿ ಅವ್ವನ ಜೊತೆ ಆಡುವ ಮಾತಿನಲ್ಲೇ. ಇದಕ್ಕೆ 'ಮಿಯಾ ಕಾವ್ಯ' ಎಂಬ ಹೆಸರು ನಿಂತಿತು. ಬೈಗುಳವನ್ನು ಎತ್ತಿಕೊಂಡು ಹಣೆಗೆ ಹಚ್ಚಿಕೊಂಡಂತಾಯಿತು. 1975ರಲ್ಲಿ ನಮ್ಮ ಸಿದ್ಧಲಿಂಗಯ್ಯನವರು 'ಹೊಲೆಮಾದಿಗರ ಹಾಡು' ಎಂದು ಪುಸ್ತಕಕ್ಕೇ ಹೆಸರಿಟ್ಟು ಮಾಡಿದ್ದು ಇದೇ ಕೆಲಸ.

ಗೆಳೆಯರೆ, ಮೊಬೈಲು ಹುಡುಗರನ್ನು ಹಾಳು ಮಾಡಿತು ಎಂಬ ಮಾತನ್ನು ನಮ್ಮ ಹಳ್ಳಿಯ ಮೇಷ್ಟ್ರುಗಳೂ ಹೇಳುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಚರ್‌ನ ಈ ಹುಡುಗರಿಗೆ ಅದೇ ಮೊಬೈಲು ಏನು ಕೊಟ್ಟಿತು ಅನ್ನೋದನ್ನು ನಾವು ನಿಧಾನವಾಗಿ ನೋಡಬೇಕು. ಮೊದಲನೆಯದಾಗಿ, ಸಂಪಾದಕನ ಬಾಗಿಲು ಕಾಯುವ ಗೋಳು ತಪ್ಪಿತು. 'ವಿಷಾದದಿಂದ ಹಿಂತಿರುಗಿಸಿದೆ' ಎಂಬ ಚೀಟಿಯ ರುಚಿ ಕಂಡವರಿಗೆ ಇದು ಸಣ್ಣ ಮಾತಲ್ಲ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ಪದ್ಯದ ಕೆಳಗೇ ಇನ್ನೊಂದು ಪದ್ಯ ಹುಟ್ಟಿತು. ಒಬ್ಬ ತನ್ನ ಅವಮಾನವನ್ನು ಹೆಸರಿಟ್ಟು ಹೇಳಿದ ಕೂಡಲೆ, ನೂರು ಮೈಲಿ ಆಚೆಯ ಇನ್ನೊಬ್ಬನಿಗೆ 'ಅರೆ, ಇದು ನನಗೂ ಆಗಿದೆಯಲ್ಲ, ಇದೂ ಪದ್ಯವಾಗುತ್ತಾ?' ಅಂತ ಹೊಳೆಯಿತು. ಕವಿಯಾಗುವುದಕ್ಕೆ ಬೇಕಾದ ಧೈರ್ಯ ಹೀಗೆ ಅಂಟುರೋಗದಂತೆ ಹರಡಿತು. ರಾತ್ರಿ ಹಟ್ಟಿಯಲ್ಲಿ ಒಬ್ಬರು ಪದ ಎತ್ತಿದರೆ ಇನ್ನೊಬ್ಬರು ಸೊಲ್ಲು ಕೊಡುವುದಿಲ್ಲವೆ, ಹಾಗೆ. ಸೊಲ್ಲು ಸಿಗದೆ ಹೋದರೆ ಎಂಥಾ ಪದವೂ ಗಂಟಲಲ್ಲೇ ಒಣಗುತ್ತದೆ.

ಹಾಗಂತ ಫೇಸ್‌ಬುಕ್ಕೇ ಈ ಕಾವ್ಯವನ್ನು ಹೆತ್ತಿತು ಎನ್ನುವುದು ಕಂಪನಿಯ ಜಾಹೀರಾತಿನ ಮಾತಾದೀತು. ಹೆತ್ತದ್ದು ಚರಿತ್ರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಪೂರ್ವ ಬಂಗಾಳದ ಮೈಮನ್‌ಸಿಂಗ್ ಮೊದಲಾದ ಜಿಲ್ಲೆಗಳ ಬಡ ರೈತರನ್ನು ಅಸ್ಸಾಮಿನ ಪಾಳು ನೆಲಕ್ಕೆ ಬರಗೊಟ್ಟರು. ಕಾಡು ಕಡಿದವರು, ಸೆಣಬು ಬೆಳೆದವರು, ಕಂದಾಯ ಕಟ್ಟಿದವರು ಇವರು. 1920ರ ಸುಮಾರಿಗೆ 'ಲೈನ್ ಪದ್ಧತಿ' ಎಂದು ಗೆರೆ ಎಳೆದು, ಇದರಾಚೆ ನೀವು ನೆಲ ಮಾಡಕೂಡದು ಎಂದರು. ದುಡಿಯುವುದಕ್ಕೆ ಬೇಕು, ಊರೊಳಗೆ ಬೇಡ. ನಮಗೆ ಊರಾಚೆಯ ಗೆರೆ ಗೊತ್ತಿಲ್ಲವೆ? 1951ರ ಜನಗಣತಿಯಲ್ಲಿ ಇವರಲ್ಲಿ ಬಹಳ ಮಂದಿ ತಮ್ಮ ಮಾತೃಭಾಷೆ ಅಸ್ಸಾಮಿ ಎಂದೇ ಬರೆಸಿದರು. ಆ ನೆಲದವರಾಗಿಯೇ ಬದುಕುತ್ತೇವೆ ಎಂದು ಕೊಟ್ಟ ಮುಚ್ಚಳಿಕೆಯಂತಿತ್ತು ಅದು. ಅಷ್ಟಾದರೂ 1983ರ ಫೆಬ್ರವರಿ 18ರಂದು ನೆಲ್ಲಿ ಎಂಬಲ್ಲಿ ಕೆಲವೇ ಗಂಟೆಗಳಲ್ಲಿ ಎರಡು ಸಾವಿರದ ಹತ್ತಿರ ಜನರನ್ನು ಕೊಂದರು. ಸತ್ತವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಈ ಶತಮಾನದ ಆರಂಭದಲ್ಲಿ ಸರ್ಕಾರವೇ ನಡೆಸಿದ ಸಮೀಕ್ಷೆಯ ಪ್ರಕಾರ ಚರ್‌ಗಳಲ್ಲಿ ಐವರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ.

ಹಾಗಾಗಿ 2016ರ ಪದ್ಯ ಮೊದಲನೆಯದೇನೂ ಅಲ್ಲ. 1939ರಲ್ಲಿ ಮೌಲಾನಾ ಬಂದೇ ಅಲಿ ಚರ್‌ವಾಸಿಯ ದನಿಯಲ್ಲಿ ಬರೆದಿದ್ದರು. ನೆಲ್ಲಿಯ ಹತ್ಯೆಯಾದ ಎರಡು ವರ್ಷಕ್ಕೆ, 1985ರಲ್ಲಿ, ಖಬೀರ್ ಅಹ್ಮದ್ ಸರ್ಕಾರಿ ಅರ್ಜಿಯ ಒಕ್ಕಣೆಯಲ್ಲೇ ಪದ್ಯ ಕಟ್ಟಿದರು. ಹಳೆಯ ಪದ್ಯಗಳು ಎಲ್ಲೋ ಒಂದು ಕಡೆ ಬಿದ್ದಿದ್ದವು. ಹೊಸ ಹುಡುಗರು ಅವನ್ನು ಹುಡುಕಿ ಹೊರತೆಗೆದು, ನಮ್ಮ ವಂಶಾವಳಿ ಇದು ಎಂದು ಹಂಚಿಕೊಂಡರು. ಪದ್ಯ ಬರೆದದ್ದಕ್ಕಿಂತ ಅಜ್ಜಂದಿರನ್ನು ಹುಡುಕಿಕೊಂಡದ್ದೇ ಇದರಲ್ಲಿ ಮುಖ್ಯ ಎಂದು ನಮಗೆ ಅನ್ನಿಸುತ್ತದೆ.

ಅದೇ 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡದ್ದನ್ನು ಇಲ್ಲಿ ನೆನೆಯಬೇಕು. ಆತ ಫೇಸ್‌ಬುಕ್ಕಿನಲ್ಲಿ ದಿನದಿನಕ್ಕೆ ಬರೆದದ್ದೆಲ್ಲ ಆಮೇಲೆ ಪುಸ್ತಕವಾಯಿತು. ಓದಿದವರಿಗೆ ಗೊತ್ತು, ಅದು ಬರೀ ಹೇಳಿಕೆಗಳ ಕಂತೆಯಲ್ಲ, ಒಬ್ಬ ಬರಹಗಾರ ತಯಾರಾಗುತ್ತಿದ್ದ.

ಮತ್ತೆ ಅಸ್ಸಾಮಿಗೆ. ಪದ್ಯಗಳು ಓಡಾಡತೊಡಗಿದ ಮೇಲೆ ಪಟ್ಟಭದ್ರರು ಸುಮ್ಮನಿರಲಿಲ್ಲ. 2018ರ ಜುಲೈನಲ್ಲಿ ಹೊರಬಿದ್ದ ಪೌರತ್ವ ನೋಂದಣಿಯ ಕರಡಿನಲ್ಲಿ ನಲವತ್ತು ಲಕ್ಷ ಜನರ ಹೆಸರಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಪದ್ಯ ಅಧಿಕಾರಿಗೆ 'ಬರ್ಕೊ' ಅಂದರೆ ಉರಿಯದೆ ಇರುತ್ತದೆಯೆ? 2019ರ ಜುಲೈನಲ್ಲಿ ಹತ್ತು ಜನರ ಮೇಲೆ ಗುವಾಹಟಿಯಲ್ಲಿ ಪೊಲೀಸ್ ದೂರು ದಾಖಲಾಯಿತು. ಮೂರು ವರ್ಷ ಹಳೆಯ ಪದ್ಯವೊಂದು ರಾಜ್ಯದ ಮಾನ ಕಳೆಯಿತು, ಜನರ ನಡುವೆ ದ್ವೇಷ ಬಿತ್ತಿತು ಎಂಬ ಆರೋಪ. ಕವಿಗಳು ನಿರೀಕ್ಷಣಾ ಜಾಮೀನಿಗೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆಗಸ್ಟ್ 31ಕ್ಕೆ ಕೊನೆಯ ಪಟ್ಟಿ ಬಂದಾಗ ಹೊರಗುಳಿದವರು 19 ಲಕ್ಷಕ್ಕೂ ಮಿಕ್ಕಿ. ಅದರಲ್ಲಿ ಹಿಂದೂಗಳೂ ಇದ್ದರು ಅನ್ನೋದು ಬೇರೆ ಮಾತು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಪೊಲೀಸರಲ್ಲ, ವಿಮರ್ಶಕರು. ಹಿರೇನ್ ಗೊಹಾಯಿ ಜನಪರ ಚಿಂತಕರು, ಪ್ರಭುತ್ವವನ್ನು ಎದುರಿಸಿ ನಿಂತವರು. ಅಂಥವರೇ ಈ ಹುಡುಗರು ಆಡುಮಾತಿನಲ್ಲಿ ಬರೆಯುವುದು ಯಾಕೆ, ಅಸ್ಸಾಮಿಯಲ್ಲಿ ಬರೆಯಬಾರದೆ ಎಂದು ಆಕ್ಷೇಪಿಸಿದರು. ಭಾಷೆಯ ಭಯ ಆ ಸಣ್ಣ ನಾಡಿಗೆ ಇದೆ, ಒಪ್ಪೋಣ. ವಿಶಾಲವಾದ ಬಂಗಾಳಿ ಪಕ್ಕದಲ್ಲೇ ಇದ್ದಾಗ ಆ ಭಯವನ್ನು ನಗೆಯಾಡುವುದು ಸರಿಯಲ್ಲ. ಆದರೂ ನಾವು ಕೇಳುವುದಿಷ್ಟೆ: ಅವ್ವ ಅತ್ತ ಮಾತು ಒಂದು, ಪದ್ಯ ಬರೆಯುವ ಮಾತು ಇನ್ನೊಂದು ಆಗಬೇಕೆಂದರೆ ಆ ಅಳು ಎಲ್ಲಿಗೆ ಹೋಗಬೇಕು? ದೇವನೂರ ಮಹಾದೇವರು ನಂಜನಗೂಡು ಸೀಮೆಯ ಮಾತಿನಲ್ಲಿ 'ಕುಸುಮಬಾಲೆ' ಬರೆದಾಗ ಇದು ಅರ್ಥವಾಗೋಲ್ಲ ಎಂದವರು ನಮ್ಮಲ್ಲೂ ಇದ್ದರು. ಅದೇ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡ ಅದರಿಂದ ಸಣ್ಣದಾಗಲಿಲ್ಲ.

ಇನ್ನು ಯಂತ್ರದ ಮಾತು. ಸೈಕ್ಲೋಸ್ಟೈಲ್ ಮಾಡಿ ಪತ್ರಿಕೆ ಹಂಚಿದ ಹಿರಿಯರಿಗೆ ಕಲ್ಲಚ್ಚೋ ಮೊಳೆಯಚ್ಚೋ, ಏನೇ ಆದರೂ ಯಂತ್ರ ಕಣ್ಣೆದುರಿಗಿತ್ತು. ಕೆಟ್ಟರೆ ರಿಪೇರಿ, ಕಾಸಿಲ್ಲದಿದ್ದರೆ ಸಂಚಿಕೆ ತಡ. ಈಗಿನ ಯಂತ್ರ ಯಾರದೋ ಕೈಯಲ್ಲಿದೆ, ಎಲ್ಲೋ ಇದೆ. ಪದ್ಯ ಹರಡಿದ ದಾರಿಯಲ್ಲೇ ಕವಿಗೆ ಬೈಗುಳ, ಬೆದರಿಕೆಗಳೂ ಬರುತ್ತವೆ, ಅದೂ ಪದ್ಯಕ್ಕಿಂತ ಬೇಗ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಅಸ್ಸಾಮು ಎದ್ದಾಗ ಸರ್ಕಾರ ಮೊಬೈಲ್ ಇಂಟರ್‌ನೆಟ್ಟನ್ನೇ ದಿನಗಟ್ಟಲೆ ಕತ್ತರಿಸಿತು. ಅದಕ್ಕೇ ನಮ್ಮ ವಿದ್ಯಾರ್ಥಿ ಗೆಳೆಯರಿಗೆ ನಾವು ಹೇಳುವುದು: ಗೋಡೆಯ ಮೇಲೆ ಬರೆದದ್ದನ್ನು ನೋಟ್‌ಬುಕ್ಕಿನಲ್ಲೂ ಬರೆದಿಟ್ಟುಕೊಳ್ಳಿ. ಹಾಸ್ಟೆಲಿನಲ್ಲಿ ನಾಲ್ಕು ಜನರ ಮುಂದೆ ಓದಿ. ಬರೀ ಮೆಚ್ಚುಗೆಯ ಗುಂಡಿ ಒತ್ತಬೇಡಿ, ಸಾಧ್ಯವಾದರೆ ಪದ್ಯದಲ್ಲೇ ಉತ್ತರ ಕೊಡಿ.

ಮಿಯಾ ಎಂಬ ಹೆಸರು ಪದ್ಯದಿಂದಾಚೆಗೂ ನಡೆಯಿತು. 2022ರ ಅಕ್ಟೋಬರಿನಲ್ಲಿ ಗೋಲ್ಪಾರಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೆಲವರು 'ಮಿಯಾ ಮ್ಯೂಸಿಯಂ' ತೆರೆದರು. ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿದ ಸಣ್ಣ ಮನೆ ಅದು. ಒಳಗೆ ಇಟ್ಟದ್ದು ನೇಗಿಲು, ಮೀನು ಹಿಡಿಯುವ ಸಾಮಾನು, ಲುಂಗಿ, ಹೆಗಲ ಮೇಲಿನ ವಸ್ತ್ರ. ವಸತಿಗೆ ಕೊಟ್ಟ ಮನೆಯನ್ನು ಬೇರೆಯದಕ್ಕೆ ಬಳಸಿದರು ಎಂದು ಎರಡೇ ದಿನಕ್ಕೆ ಜಿಲ್ಲಾಡಳಿತ ಬಂದು ಬಾಗಿಲಿಗೆ ಮೊಹರು ಹಾಕಿತು.